ಆರ್‌ಎಕ್ಸ್-7ರ ರಬ್ಬರು ಪುರಾಣ

ಅಮೆರಿಕದ ಉಪನಗರಗಳಲ್ಲಿ ಗ್ಯಾರೇಜು ಕಟ್ಟುವುದು ಕಾರಿಗೆಂದು. ಕನ್ನಡದವರ ಮನೆಗಳಲ್ಲಿ ಅದು ಬಹುಮಟ್ಟಿಗೆ ಸೋನಾ ಮಸೂರಿ ಮೂಟೆ, ದಸರಾ ಗೊಂಬೆಗಳ ಪೆಟ್ಟಿಗೆ, ಮಕ್ಕಳ ಹಳೆಯ ಸೈಕಲ್ಲು, ಕನ್ನಡ ಕೂಟದ ನಾಟಕಕ್ಕೆಂದು ಮಾಡಿಸಿದ ಪರದೆ ಇವುಗಳ ಪಾಲಾಗಿರುತ್ತದೆ. ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತದೆ. ಅಪರೂಪಕ್ಕೆ ಒಂದು ಮನೆಯಲ್ಲಿ ಕಾರು ಗ್ಯಾರೇಜಿನೊಳಗೇ ಇದೆ, ಅದೂ ಚಕ್ರ ಬಿಚ್ಚಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂತಿದೆ ಎಂದರೆ ಅದು ತರಕಾರಿ ತರುವ ಕಾರಲ್ಲ ಎಂದು ಬಂದವರಿಗೆ ಗೊತ್ತಾಗುತ್ತದೆ. ಆಯುಧಪೂಜೆಯ ದಿನ ಅಂಥ ಕಾರಿನ ಯಾವ ಚಕ್ರದಡಿ ನಿಂಬೆಹಣ್ಣು ಇಡುವುದು ಎಂಬುದೊಂದೇ ಮನೆಯವರ ತಕರಾರು.

ಹೀಗೆ ಗ್ಯಾರೇಜಿನಲ್ಲಿ ಕೂರುವ ಜಪಾನಿ ಕಾರುಗಳ ಪಟ್ಟಿ ಉದ್ದವೇನಿಲ್ಲ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಟೊಯೊಟಾ ಸುಪ್ರಾ, ಹೋಂಡಾ ಎನ್‌ಎಸ್‌ಎಕ್ಸ್, ಮಜ್ದಾ ಆರ್‌ಎಕ್ಸ್-7, ಇನ್ನು ಒಂದೆರಡು. ಜಪಾನಿನಲ್ಲಿ ಹಣ ಓಡಾಡುತ್ತಿದ್ದ 1980ರ ದಶಕದ ಕೊನೆಗೆ, ಎಂಜಿನಿಯರುಗಳು ಕೇಳಿದ್ದಕ್ಕೆಲ್ಲ ಲೆಕ್ಕಪತ್ರದವರು ಹೂಂ ಅನ್ನುತ್ತಿದ್ದ ಕಾಲದಲ್ಲಿ ರೂಪುಗೊಂಡ ಕಾರುಗಳಿವು. ಅವು ರಸ್ತೆಗಿಳಿದ ಹೊತ್ತಿಗೇ ಬೆಂಗಳೂರು, ಮೈಸೂರುಗಳಿಂದ ಕೆಲಸಕ್ಕೆ ಬಂದಿಳಿದ ಹುಡುಗರು ಸೆಕೆಂಡ್ ಹ್ಯಾಂಡ್ ಕೊರೊಲಾ, ಸಿವಿಕ್ ಕೊಂಡು ಓಡಾಡುತ್ತಿದ್ದರು. ಅವರ ಮಕ್ಕಳು ಆರ್‌ಎಕ್ಸ್-7ನ್ನು ಕಂಡದ್ದು ‘ಗ್ರಾನ್ ಟುರಿಸ್ಮೊ’ ಆಟದಲ್ಲಿ, ‘ಇನಿಷಿಯಲ್ ಡಿ’ ಕಾಮಿಕ್ಸಿನಲ್ಲಿ, 2001ರ ‘ದ ಫಾಸ್ಟ್ ಅಂಡ್ ದ ಫ್ಯೂರಿಯಸ್’ ಸಿನಿಮಾದಲ್ಲಿ. ಆ ಸಿನಿಮಾದಲ್ಲಿ ಬಳಸಿದ ಕಿತ್ತಳೆ ಬಣ್ಣದ ಸುಪ್ರಾ 2021ರಲ್ಲಿ ಲಾಸ್ ವೇಗಸ್ಸಿನ ಹರಾಜಿನಲ್ಲಿ 5,50,000 ಡಾಲರಿಗೆ ಹೋಯಿತು. ಸಿನಿಮಾದ ಸೋಂಕಿಲ್ಲದ ಕಾರುಗಳ ಬೆಲೆಯೂ ಏರಿದೆ. ಅಪ್ಪಂದಿರಿಗೆ ಆಗ ಎಟುಕದ ಕಾರು ಈಗ ಮಕ್ಕಳಿಗೂ ಸುಲಭವಾಗಿ ಎಟುಕದು. ಉಳಿದಿರುವ ದಾರಿ, ಕೆಟ್ಟು ಕೂತದ್ದನ್ನು ಕೊಂಡು ಮನೆಯಲ್ಲೇ ಎಬ್ಬಿಸುವುದು.

ಕೆಟ್ಟದ್ದು ಏನು ಎಂಬಲ್ಲಿಂದ ಕಥೆ ಶುರುವಾಗುತ್ತದೆ. 1970ರ ಡಾಟ್ಸನ್ 240ಝಡ್ ಆಗಿದ್ದರೆ ಉತ್ತರ ಸುಲಭ: ತುಕ್ಕು. ಮಿಷಿಗನ್, ಒಹಾಯೊ ಕಡೆ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅದರ ತೆಳ್ಳನೆ ತಗಡನ್ನು ತಿಂದುಹಾಕಿತು. ಅದನ್ನು ಉಳಿಸುವುದೆಂದರೆ ಕತ್ತರಿಸಿ, ಹೊಸ ತಗಡು ಬೆಸೆಯುವ ಟಿಂಕರಿಂಗ್ ಕೆಲಸ. 1990ರ ದಶಕದ ಕಾರುಗಳ ಜಾತಿ ಬೇರೆ. ತಗಡು ಬಹುತೇಕ ಗಟ್ಟಿಯಾಗಿರುತ್ತದೆ, ಗೇರುಬಾಕ್ಸು ಗಟ್ಟಿಯಾಗಿರುತ್ತದೆ. ಮುದಿಯಾಗಿರುವುದು ಅವುಗಳ ನಡುವೆ ಇರುವ ಅಗ್ಗದ ಸಾಮಾನು: ರಬ್ಬರು ಹೋಸು, ಪ್ಲಾಸ್ಟಿಕ್ ಟ್ಯಾಂಕು, ವೈರಿನ ಮೇಲಿನ ಹೊದಿಕೆ, ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಕೆಪ್ಯಾಸಿಟರು. ಮಿತ್ಸುಬಿಷಿಯ 3000ಜಿಟಿಯಲ್ಲಿ ಈ ಕೆಪ್ಯಾಸಿಟರುಗಳು ಸೋರಿ ಸರ್ಕ್ಯೂಟ್ ಬೋರ್ಡನ್ನೇ ತಿನ್ನುವುದು ಅದರ ಮಾಲೀಕರಿಗೆಲ್ಲ ಗೊತ್ತಿರುವ ಕಾಯಿಲೆ. ಇದನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ಮೂರನೇ ಪೀಳಿಗೆಯ ಆರ್‌ಎಕ್ಸ್-7ರ ಬಾನೆಟ್ ಎತ್ತಬೇಕು.

‘ಎಫ್‌ಡಿ’ ಎಂದು ಕರೆಸಿಕೊಳ್ಳುವ ಈ ಕಾರು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1991ರ ಕೊನೆಗೆ. ಅದೇ ವರ್ಷ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ರೇಸನ್ನು ಮಜ್ದಾದ 787ಬಿ ಗೆದ್ದಿತ್ತು. ಆ ರೇಸು ಗೆದ್ದ ಮೊದಲ ಜಪಾನಿ ಕಾರು ಅದು. ರೋಟರಿ ಎಂಜಿನ್ನಿನಿಂದ ಗೆದ್ದ ಇನ್ನೊಂದು ಕಾರು ಇವತ್ತಿಗೂ ಇಲ್ಲ. ಎಫ್‌ಡಿಯ ಬಾನೆಟ್ಟಿನ ಕೆಳಗಿರುವುದೂ ರೋಟರಿಯೇ. ಹೆಸರು 13ಬಿ-ಆರ್‌ಇಡಬ್ಲ್ಯೂ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಉಬ್ಬಿದ ಮೂರು ಬದಿಗಳ ತ್ರಿಕೋನದಂಥ ಎರಡು ರೋಟರುಗಳು ತಮ್ಮ ಗೂಡುಗಳಲ್ಲಿ ಓರೆಯಾಗಿ ಸುತ್ತುತ್ತವೆ. ಒಂದೊಂದು ರೋಟರಿಗೆ 654 ಸಿಸಿ, ಎರಡೂ ಸೇರಿ ನಮ್ಮೂರಿನ ಸಣ್ಣ ಕಾರಿನಷ್ಟು. ಅಷ್ಟರಿಂದಲೇ ಅಮೆರಿಕದ ಮಾದರಿ 255 ಅಶ್ವಶಕ್ತಿ ಎಳೆಯುತ್ತಿತ್ತು.

ಈ ಎಂಜಿನ್ ಮೊದಲಿನಿಂದಲೂ ಸೀಲುಗಳ ಜೊತೆ ಸೆಣಸಿಕೊಂಡೇ ಬಂದದ್ದು. ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಮಜ್ದಾ ಇದರ ಲೈಸೆನ್ಸ್ ಪಡೆದದ್ದು 1961ರಲ್ಲಿ. ರೋಟರಿನ ತುದಿಯ ಸೀಲುಗಳು ಗೂಡಿನ ಒಳಗೋಡೆಯನ್ನು ಗೀರುತ್ತಿದ್ದವು. ಹಿರೋಷಿಮಾದಲ್ಲಿದ್ದ ಮಜ್ದಾ ಎಂಜಿನಿಯರುಗಳು ಅದನ್ನು ದೆವ್ವದ ಉಗುರಿನ ಗುರುತು ಎಂದು ಶಪಿಸುತ್ತಿದ್ದರು. ಕೆನಿಚಿ ಯಮಮೊಟೊ ನೇತೃತ್ವದ 47 ಜನರ ತಂಡ ಆ ಗೀರನ್ನು ನಿಲ್ಲಿಸಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ಹೊರತಂದಿತು. ರೋಟರಿ ಎಂದರೆ ತುದಿಯ ಸೀಲು ಮುರಿಯುವ ಎಂಜಿನ್ ಎಂಬ ಅಪಖ್ಯಾತಿ ಮಾತ್ರ ಉಳಿದುಕೊಂಡಿತು. ಎಫ್‌ಡಿಯ ಮಟ್ಟಿಗೆ ಈ ಅಪಖ್ಯಾತಿ ಅರ್ಧ ಅನ್ಯಾಯ. ಸೀಲು ಮುರಿದದ್ದು ನಿಜ. ಮುರಿಸಿದ್ದು ಬೇರೆ ಯಾರೋ.

ಆ ಬೇರೆಯವರನ್ನು ಹುಡುಕಲು ಟರ್ಬೊ ಕಡೆ ಬರಬೇಕು. ಈ ಕಾರಿನಲ್ಲಿ ಎಂಜಿನ್ನಿಗೆ ಗಾಳಿ ತುಂಬುವ ಎರಡು ಟರ್ಬೊಗಳಿವೆ. ಕಡಿಮೆ ವೇಗದಲ್ಲಿ ಒಂದೇ ಕೆಲಸ ಮಾಡುತ್ತದೆ. ಎಂಜಿನ್ ಸುಮಾರು 4,500 ಆರ್‌ಪಿಎಮ್ ಮುಟ್ಟಿದಾಗ ಎರಡನೆಯದು ಜೊತೆಗೂಡುತ್ತದೆ. ಯಾವ ಬಾಗಿಲು ಯಾವಾಗ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ಕಂಪ್ಯೂಟರ್ ಹೇಳುತ್ತದೆ. ಆದರೆ ಆ ಮಾತನ್ನು ಸಾಗಿಸುವುದು ಗಾಳಿ: ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವುಗಳು, ಏಕಮುಖ ವಾಲ್ವುಗಳು, ಅವುಗಳನ್ನು ಹೆಣೆದಿರುವ ಹಲವು ಡಜನ್ ರಬ್ಬರು ಹೋಸುಗಳು. ಹೆಚ್ಚಿನವುಗಳ ಒಳ ಅಳತೆ ಸುಮಾರು 4 ಮಿಲಿಮೀಟರ್. ಇಷ್ಟನ್ನೂ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಎಂಜಿನ್ನಿನ ಕಾವು ನೇರವಾಗಿ ಬಡಿಯುವ ಜಾಗದಲ್ಲಿ ತುರುಕಿದ್ದಾರೆ. ಮಾಲೀಕರು ಇದಕ್ಕೆ ಇಲಿಗೂಡು ಎಂದೇ ಹೆಸರಿಟ್ಟಿದ್ದಾರೆ.

ಮೂವತ್ತು ವರ್ಷ ಬೆಂದ ಆ ಹೋಸು ಸಂಡಿಗೆಯಂತೆ ಕೈಯಲ್ಲಿ ಪುಡಿಯಾಗುತ್ತದೆ. ಮುರಿದದ್ದು ಟರ್ಬೊ ಮಿತಿ ಮೀರದಂತೆ ತಡೆಯುವ ವೇಸ್ಟ್‌ಗೇಟಿಗೆ ಒತ್ತಡ ಒಯ್ಯುವ ಹೋಸಾಗಿದ್ದರೆ ಆ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲ. ಟರ್ಬೊ ತಡೆಯಿಲ್ಲದೆ ಗಾಳಿ ತುಂಬುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲು ಸಿಗುವುದಿಲ್ಲ, ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟಿಸುತ್ತದೆ. ಆ ಹೊಡೆತಕ್ಕೆ ರೋಟರಿನ ತುದಿಯ ಸೀಲು ಚೂರಾಗುತ್ತದೆ. ಚೂರು ಗೂಡಿನ ಗೋಡೆಯನ್ನು ಗೀರಿ, ಎಕ್ಸಾಸ್ಟಿನಲ್ಲಿ ಹೊರಬಿದ್ದು ಟರ್ಬೊದ ಚಕ್ರವನ್ನೂ ಕೆಡಿಸಬಹುದು. ಕೆಲವು ಡಾಲರಿನ ರಬ್ಬರು ಸಾವಿರಾರು ಡಾಲರಿನ ಎಂಜಿನ್ನನ್ನು ಕೊಂದಿರುತ್ತದೆ. ಹೆಸರು ಕೆಟ್ಟದ್ದು ಎಂಜಿನ್ನಿನದು.

ಹಾಗಾಗಿ ತಿಳಿದವರು ಎಫ್‌ಡಿ ಮನೆಗೆ ಬಂದ ಮೇಲೆ ಬಣ್ಣಕ್ಕೂ ಹೊಸ ಚಕ್ರಕ್ಕೂ ಕೈಹಾಕುವುದಿಲ್ಲ. ಮೊದಲು ಮ್ಯಾನಿಫೋಲ್ಡ್ ಬಿಚ್ಚುತ್ತಾರೆ. ಬಿಚ್ಚುವ ಮುನ್ನ ಎಲ್ಲ ಕೋನದಿಂದ ಫೋಟೋ, ಪ್ರತಿ ತುದಿಗೂ ಅಂಟುಕಾಗದದ ಮೇಲೆ ಬರೆದ ಚೀಟಿ, ನಟ್ಟು ಬೋಲ್ಟುಗಳಿಗೆ ಖಾಲಿ ಉಪ್ಪಿನಕಾಯಿ ಬಾಟಲಿಗಳು. ಹಳೆಯ ಹೋಸು ಎಳೆಯಬಾರದು, ಸೀಳಿ ತೆಗೆಯಬೇಕು. ಎಳೆದರೆ ಅದರ ಜೊತೆ ಸೊಲೆನಾಯ್ಡಿನ ಪ್ಲಾಸ್ಟಿಕ್ ಮೂತಿಯೂ ಕಿತ್ತು ಬರುತ್ತದೆ. ಸೊಲೆನಾಯ್ಡ್ ಬದುಕಿದೆಯೇ ಎಂದು ನೋಡುವ ವಿಧಾನ ಹಳ್ಳಿಯ ಮೆಕ್ಯಾನಿಕ್ಕಿಗೂ ಒಪ್ಪಿಗೆಯಾಗುವಂಥದ್ದು. 12 ವೋಲ್ಟ್ ಕೊಟ್ಟರೆ ಟಕ್ ಎನ್ನಬೇಕು, ಬಾಯಿಂದ ಊದಿದರೆ ಗಾಳಿ ಆ ಕಡೆ ಹೋಗಬೇಕು ಅಥವಾ ನಿಲ್ಲಬೇಕು. ಏಕಮುಖ ವಾಲ್ವಿಗೂ ಅದೇ ಪರೀಕ್ಷೆ: ಒಂದು ಕಡೆಯಿಂದ ಊದಿದರೆ ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಬಾರದು. ಹೊಸದಾಗಿ ಹಾಕುವುದು ಕಾವು ತಡೆಯುವ ಸಿಲಿಕೋನ್ ಹೋಸು. ಶನಿವಾರ ಬೆಳಿಗ್ಗೆ ಕೂತವರು ಭಾನುವಾರ ರಾತ್ರಿ ಏಳುತ್ತಾರೆ, ಮುಗಿದಿರುವುದಿಲ್ಲ.

ನೀರಿನ ಕಡೆಯೂ ಇದೇ ಕಥೆ. ಕೂಲೆಂಟಿನಿಂದ ಗಾಳಿಗುಳ್ಳೆ ಬೇರ್ಪಡಿಸಲು ಕಂಪನಿ ಕೊಟ್ಟದ್ದು ಒಂದು ಪುಟ್ಟ ಪ್ಲಾಸ್ಟಿಕ್ ಟ್ಯಾಂಕು. ಅದು ಕಾದು ಕಾದು ಅಂಚಿನಲ್ಲಿ ಸೀಳುತ್ತದೆ, ನೀರು ಹೋಗುತ್ತದೆ. ಡ್ಯಾಶ್‌ಬೋರ್ಡಿನ ಬಿಸಿ ತೋರಿಸುವ ಮುಳ್ಳು ಎಂಜಿನ್ ಬಿಸಿಯಾಗುತ್ತಿದ್ದರೂ ಬಹಳ ಹೊತ್ತು ನಡುಮಧ್ಯದಲ್ಲೇ ನಿಂತು, ಮೇಲೇಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಎಂಜಿನ್ನಿನ ಗೂಡುಗಳ ನಡುವೆ ನೀರು ತಡೆಯುವ ರಬ್ಬರು ಸೀಲುಗಳು ಅಷ್ಟರಲ್ಲಿ ಸುಟ್ಟಿರುತ್ತವೆ. ಅವನ್ನು ಬದಲಿಸಲು ಇಡೀ ಎಂಜಿನ್ ಇಳಿಸಿ, ಪದರ ಪದರವಾಗಿ ಬಿಚ್ಚಲೇಬೇಕು. ಅಲ್ಯೂಮಿನಿಯಂ ಟ್ಯಾಂಕು, ನಿಜ ಹೇಳುವ ಹೊಸ ಮೀಟರು ಇವೆರಡನ್ನು ಹಾಕಿಸದ ಎಫ್‌ಡಿ ಮಾಲೀಕರು ಅದೃಷ್ಟವನ್ನು ನಂಬಿದವರು ಎಂದೇ ಹೇಳಬೇಕು.

ಕೊಳ್ಳುವ ಮೊದಲೇ ಎಂಜಿನ್ನಿನ ಆರೋಗ್ಯ ತಿಳಿಯಬಹುದು, ಅದರಲ್ಲೂ ಒಂದು ತಿರುವಿದೆ. ಮಾಮೂಲಿ ಕಂಪ್ರೆಷನ್ ಗೇಜಿನೊಳಗೆ ಒಂದು ವಾಲ್ವಿದ್ದು ಅದು ಅತಿ ಹೆಚ್ಚಿನ ಒತ್ತಡವನ್ನಷ್ಟೇ ಹಿಡಿದಿಡುತ್ತದೆ. ರೋಟರಿಗೆ ಮೂರು ಮುಖ. ಎರಡು ಚೆನ್ನಾಗಿದ್ದು ಒಂದು ಸತ್ತಿದ್ದರೂ ಗೇಜು ಚೆನ್ನಾಗಿರುವುದನ್ನೇ ತೋರಿಸುತ್ತದೆ. ಮೂರನ್ನೂ ಬೇರೆಬೇರೆಯಾಗಿ ಅಳೆಯುವ ರೋಟರಿ ಟೆಸ್ಟರ್ ಬೇಕು. ಅದಿಲ್ಲದವರು ಗೇಜಿನ ವಾಲ್ವ್ ಒತ್ತಿಹಿಡಿದು ಎಂಜಿನ್ ತಿರುಗಿಸಿ, ಮುಳ್ಳು ಮೂರು ಸಲ ಸಮನಾಗಿ ಕುಣಿಯುತ್ತದೆಯೇ ಎಂದು ನೋಡುತ್ತಾರೆ. ಎರಡು ಎತ್ತರದ ಕುಣಿತ, ಒಂದು ಗಿಡ್ಡ ಎಂದರೆ ಬೆಲೆ ಇಳಿಸಿ ಕೇಳಬೇಕು, ಇಲ್ಲವೇ ನಮಸ್ಕಾರ ಹೇಳಿ ಬರಬೇಕು.

ಎಂಜಿನ್ ಬಿಚ್ಚಲೇಬೇಕಾಗಿ ಬಂದರೂ ಧೈರ್ಯಗೆಡಬೇಕಿಲ್ಲ. ರೋಟರಿಯಲ್ಲಿ ಮುಖ್ಯವಾಗಿ ಚಲಿಸುವುದು ಮೂರೇ ವಸ್ತು: ಎರಡು ರೋಟರು, ಒಂದು ಶಾಫ್ಟು. ಒಂದು ಗಟ್ಟಿ ಮೇಜಿನ ಮೇಲೆ ಕೆಲಸ ನಡೆಯುತ್ತದೆ. ಕಾಡುವುದು ಫ್ಲೈವೀಲಿನ ನಟ್ಟು. ಅಳತೆ 54 ಮಿಲಿಮೀಟರ್, ಬಿಗಿ ಸುಮಾರು 300 ಪೌಂಡ್-ಅಡಿ. ಅದನ್ನು ಸಡಿಲಿಸಲು ಪಕ್ಕದ ಮನೆಯವರಿಂದ ಸಾಲ ತಂದ ಸ್ಪ್ಯಾನರ್ ಸಾಲದು. ಜೋಡಿಸುವಾಗ ಸಣ್ಣ ಸಣ್ಣ ಸೀಲುಗಳು ಜಾಗದಿಂದ ಜಾರದಂತೆ ಹಿಡಿದಿಡುವುದು ಔಷಧಿ ಅಂಗಡಿಯ ವ್ಯಾಸಲಿನ್. ಸವೆದ ಪಿಸ್ಟನ್ ಎಂಜಿನ್ನಿಗೆ ಬೋರ್ ಮಾಡಿಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕುವ ನಮ್ಮೂರಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಗೂಡಿನ ಒಳಗೋಡೆಗೆ ಕ್ರೋಮಿನ ಲೇಪ. ಅದು ಎದ್ದುಹೋದರೆ ಸಾಮಾನ್ಯವಾಗಿ ಗೂಡನ್ನೇ ಬದಲಿಸಬೇಕು, ಜೇಬು ಸುಡುವುದು ಅಲ್ಲಿ.

ಒಂದು ವಿಷಯದಲ್ಲಿ ಮಾತ್ರ ಮೈಸೂರು ಕಡೆಯವರಿಗೆ ಈ ಕಾರು ಪರಕೀಯ ಅನ್ನಿಸದು. ತುದಿಯ ಸೀಲುಗಳಿಗೆ ಎಣ್ಣೆ ಉಣಿಸಲು ಕಂಪನಿಯೇ ಒಂದು ಪಂಪು ಕೊಟ್ಟಿದೆ, ಆದರೂ ಅನೇಕ ಮಾಲೀಕರು ಪೆಟ್ರೋಲು ತುಂಬಿಸುವಾಗ ಟು-ಸ್ಟ್ರೋಕ್ ಆಯಿಲನ್ನೂ ಅಳೆದು ಸುರಿಯುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಅಲ್ಲಿಂದ ಹೊರಬಂದ ಯೆಜ್ಡಿ ಬೈಕುಗಳನ್ನು ಓಡಿಸಿದವರಿಗೆ ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಹಾಕಿಸುವುದು ಕೈಗೆ ಕೂತ ಅಭ್ಯಾಸ. ಹೊಗೆಯ ವಾಸನೆಯೂ ಪರಿಚಿತವೇ.

ಇಷ್ಟೆಲ್ಲ ತೊಂದರೆ ಕೊಡುವ ಹೋಸುಗಳ ಗೂಡನ್ನೇ ಕಿತ್ತೆಸೆದು, ಎರಡು ಟರ್ಬೊಗಳ ಜಾಗದಲ್ಲಿ ಒಂದು ದೊಡ್ಡದನ್ನು ಕೂರಿಸಿದರಾಯಿತಲ್ಲ ಎನ್ನುವ ಬಣವೊಂದಿದೆ. ತರ್ಕ ಗಟ್ಟಿಯಾಗಿದೆ, ಶಕ್ತಿಯೂ ಹೆಚ್ಚುತ್ತದೆ. ಆದರೆ ಸಣ್ಣ ಎಂಜಿನ್ ಕೆಳಗಿನ ವೇಗದಲ್ಲಿ ಸೊರಗಬಾರದೆಂದೇ ಎರಡು ಟರ್ಬೊಗಳ ಏರ್ಪಾಡು ಮಾಡಿದ್ದು. ದೊಡ್ಡ ಟರ್ಬೊ ಎಚ್ಚರಗೊಳ್ಳುವವರೆಗೆ ಕಾಯಬೇಕಾದ ಎಫ್‌ಡಿ ಊರೊಳಗಿನ ರಸ್ತೆಯಲ್ಲಿ ಬೇರೆಯೇ ಕಾರಾಗಿಬಿಡುತ್ತದೆ. ಕೊಟ್ಟ ರಬ್ಬರಿನ ಆಯುಷ್ಯ ಕಡಿಮೆಯಾಯಿತು ಎಂಬುದು ಎಂಜಿನಿಯರುಗಳ ಯೋಚನೆಯನ್ನೇ ತೆಗೆದುಹಾಕಲು ಸಾಕಾದ ಕಾರಣವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗಂತೂ ಈ ಚರ್ಚೆಯೇ ಬೇಡ. ಅಲ್ಲಿ 1976 ಮತ್ತು ಅದರ ನಂತರದ ಮಾದರಿಯ ಬಹುತೇಕ ಪೆಟ್ರೋಲ್ ಕಾರುಗಳು ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆಗೆ ನಿಲ್ಲಬೇಕು. ಪರೀಕ್ಷಕರು ಹೊಗೆಯನ್ನಷ್ಟೇ ಅಳೆಯುವುದಿಲ್ಲ, ಕಂಪನಿ ಕೊಟ್ಟ ಸಾಮಾನು ಇದ್ದಲ್ಲೇ ಇದೆಯೇ ಎಂದು ಬಾನೆಟ್ ಎತ್ತಿ ನೋಡುತ್ತಾರೆ. ಫ್ರೀಮಾಂಟ್, ಸನಿವೇಲ್ ಕಡೆಯ ಗ್ಯಾರೇಜುಗಳಲ್ಲಿ ಇಲಿಗೂಡು ಉಳಿದಿದ್ದರೆ ಅದರ ಪುಣ್ಯದಲ್ಲಿ ಸರ್ಕಾರಕ್ಕೂ ಪಾಲಿದೆ.

ಅಮೆರಿಕದಲ್ಲಿ ಎಫ್‌ಡಿ ಮಾರಾಟವಾದದ್ದು 1993ರಿಂದ 1995ರ ಮಾದರಿಗಳವರೆಗೆ ಮಾತ್ರ. ಜಪಾನಿನಲ್ಲಿ 2002ರವರೆಗೆ ತಯಾರಾಯಿತು. 25 ವರ್ಷ ದಾಟಿದ ಕಾರಿಗೆ ಅಮೆರಿಕದ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇರುವುದರಿಂದ ಬಲಗಡೆ ಸ್ಟಿಯರಿಂಗಿನ ಜಪಾನಿ ಕಾರುಗಳೂ ಹಡಗು ಹತ್ತಿ ಬರುತ್ತಿವೆ. ಕೆನಡಾದಲ್ಲಿ 15 ವರ್ಷವೇ ಸಾಕು, ಆದ್ದರಿಂದ ಟೊರಾಂಟೊದವರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದ್ದಾರೆ. ಬೇಡಿಕೆ ಕಂಡ ಕಂಪನಿಗಳೂ ಹಳೆಯ ಅಚ್ಚುಗಳ ಧೂಳು ಕೊಡವಿವೆ. ಎನ್‌ಎಸ್‌ಎಕ್ಸ್ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಸೇವೆಯನ್ನು ಹೋಂಡಾ 1993ರಲ್ಲೇ ಶುರುಮಾಡಿತ್ತು. 2017ರಲ್ಲಿ ನಿಸ್ಸಾನ್ ಹಳೆಯ ಜಿಟಿ-ಆರ್‌ನ ಭಾಗಗಳನ್ನು ಮತ್ತೆ ತಯಾರಿಸತೊಡಗಿತು, ಬಳಿಕ ಸುಪ್ರಾದ ಸರದಿ ಬಂತು. ಆರ್‌ಎಕ್ಸ್-7ರ ಕೆಲವು ಭಾಗಗಳನ್ನು ಮಜ್ದಾವೂ ಪುನಃ ತಯಾರಿಸುತ್ತಿದೆ.

ಎಲ್ಲ ಜೋಡಿಸಿ, ಕೂಲೆಂಟ್ ತುಂಬಿ, ಕಾರನ್ನು ಸ್ಟ್ಯಾಂಡಿನಿಂದ ಇಳಿಸಿದ ಮೇಲೆ ಕೆಲಸ ಸರಿಯಾಗಿದೆಯೇ ಎಂದು ನೋಡಲು ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಗೇಜ್ ಇದೆ. ಖಾಲಿ ರಸ್ತೆ, ಮೂರನೇ ಗೇರು, ಪೂರ್ತಿ ಒತ್ತಿದ ಆ್ಯಕ್ಸಿಲರೇಟರ್. ಮುಳ್ಳು 10 ಪಿಎಸ್‌ಐಗೆ ಏರಬೇಕು, 4,500 ಆರ್‌ಪಿಎಮ್ ಹತ್ತಿರ ಎರಡನೇ ಟರ್ಬೊ ಸೇರಿಕೊಳ್ಳುವಾಗ ಕ್ಷಣಕಾಲ 8ಕ್ಕೆ ಇಳಿದು ಮತ್ತೆ 10ಕ್ಕೆ ಬರಬೇಕು. 10-8-10 ಎಂಬ ಈ ಲೆಕ್ಕ ಎಫ್‌ಡಿ ಮಾಲೀಕರಿಗೆಲ್ಲ ಬಾಯಿಪಾಠ. ಎರಡನೇ 10 ಬರಲೇ ಇಲ್ಲವೆಂದರೆ ಒಳಗೆ ಎಲ್ಲೋ ಒಂದು ಹೋಸು ಕಳಚಿದೆ, ಇಲ್ಲವೇ ಪಕ್ಕದ ಮೂತಿಗೆ ಸೇರಿದೆ. ಮುಂದಿನ ಶನಿವಾರ ಮತ್ತೆ ಮ್ಯಾನಿಫೋಲ್ಡ್ ಬಿಚ್ಚಬೇಕು.