ಆ 1979 ಯಾರದ್ದು?

2025ರ ಜೂನ್ 23, ಸೋಮವಾರ. ಅರಿಶಿನಕುಂಟೆಯಿಂದ ಬೆಳಗ್ಗೆ ಬೇಗ ಹೊರಡದಿದ್ದರೆ ತುಮಕೂರು ರಸ್ತೆಯಲ್ಲೇ ಅರ್ಧ ದಿನ ಹೋಗುತ್ತೆ. ಅವತ್ತು ಹೊರಡಲೇ ಇಲ್ಲ, ವರ್ಕ್ ಫ್ರಮ್ ಹೋಮ್ ಹಾಕಿ ಐದೂವರೆಗೆ ಟಿವಿ ಮುಂದೆ ಕೂತೆ. ಎನ್‌ಬಿಎ ಫೈನಲ್‌ನ ಏಳನೇ ಪಂದ್ಯ. ಓಕ್ಲಹೋಮಾ ಸಿಟಿ ಥಂಡರ್ ತಂಡ ಇಂಡಿಯಾನಾ ಪೇಸರ್ಸ್ ವಿರುದ್ಧ 103–91ರಲ್ಲಿ ಗೆದ್ದಿತು. ಖುಷಿಯಲ್ಲಿ ಸಿಯಾಟಲ್‌ನ ಸಹೋದ್ಯೋಗಿಗೆ ಮೆಸೇಜ್ ಹಾಕಿದೆ, "ನಿಮ್ಮ ಹಳೇ ಟೀಮ್ ಗೆದ್ದಿದೆ!" ಅಂತ.

"ನಮ್ಮ ಟೀಮ್ ಗೆದ್ದಿದ್ದು 1979ರಲ್ಲಿ. ಇವರು ಬೇರೆಯವರು" ಅಂತ ಉತ್ತರ ಬಂತು. ಒಂದು ಸ್ಮೈಲಿ ಕೂಡ ಇಲ್ಲ.

ಕಥೆ ಇಷ್ಟು. ಸಿಯಾಟಲ್ ಸೂಪರ್‌ಸಾನಿಕ್ಸ್ ಅಂತ ಒಂದು ತಂಡ ಇತ್ತು, 1967ರಲ್ಲಿ ಶುರುವಾದದ್ದು. 2006ರಲ್ಲಿ ಅದರ ಮಾಲೀಕ ಹೋವರ್ಡ್ ಶುಲ್ಟ್ಸ್ (ಹೌದು, ಸ್ಟಾರ್‌ಬಕ್ಸ್‌ನವರೇ) ಓಕ್ಲಹೋಮಾದವರಿಗೆ ಮಾರಿದರು. 2008ರಲ್ಲಿ ತಂಡ ಊರು ಬಿಟ್ಟಿತು. ರಾಜಿಯಲ್ಲಿ ಹೆಸರು, ಬಣ್ಣ ಎಲ್ಲ ಸಿಯಾಟಲ್‌ಗೇ ಉಳಿಯಿತು. ಲೀಗಿನ ಲೆಕ್ಕದಲ್ಲಿ ಮಾತ್ರ 1979ರ ಕಪ್ ಈಗಲೂ ಥಂಡರ್ ಖಾತೆಯಲ್ಲೇ ಇದೆ.

ಗೆದ್ದದ್ದನ್ನ ಮಾರಬಹುದಾ? ಆಟಗಾರರು ಹೇಗೂ ಬದಲಾಗ್ತಾರೆ, ಮಾಲೀಕರೂ ಬದಲಾಗ್ತಾರೆ. ಹಾಗಾದರೆ ತಂಡ ಅಂದರೆ ಲೈಸೆನ್ಸ್ ಕಾಗದವಾ? ಹಾಗೇನಿಲ್ಲ ಅನ್ನೋದಕ್ಕೆ ಷಾರ್ಲಟ್ ಇದೆ. ಅಲ್ಲಿಂದ 2002ರಲ್ಲಿ ಹಾರ್ನೆಟ್ಸ್ ತಂಡ ನ್ಯೂ ಓರ್ಲಿಯನ್ಸ್‌ಗೆ ಹೋಯಿತು. 2014ರಲ್ಲಿ ಹೆಸರಿನ ಜೊತೆಗೆ ಹಳೇ ದಾಖಲೆಗಳನ್ನೂ ಷಾರ್ಲಟ್‌ಗೆ ವಾಪಸ್ ಕೊಟ್ಟರು. ಮನಸ್ಸು ಮಾಡಿದರೆ ಕೊಡಬಹುದು ಅಂತಾಯ್ತು.

ನಮ್ಮಲ್ಲಿ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ಅಂದರೆ ಬಹಳ ಕಾಲ ಬ್ಯಾಂಕ್ ಕೆಲಸ ಅಂತಲೇ ಅರ್ಥ. ಚೆನ್ನಾಗಿ ಆಡಿದರೆ ನೌಕರಿ, ನೌಕರಿ ಇದ್ದರೆ ಆಟ. ಬೆಂಗಳೂರಲ್ಲಿ ವಿಜಯಾ ಬ್ಯಾಂಕಿಗೂ ಟೀಮ್ ಇತ್ತು, ಬ್ಯಾಂಕ್ ಆಫ್ ಬರೋಡಾಕ್ಕೂ ಇತ್ತು. ಎದುರುಬದುರು ಆಡಿದವರೇ. 1931ರಲ್ಲಿ ಎ. ಬಿ. ಶೆಟ್ಟಿ ಅವರು ಮಂಗಳೂರಲ್ಲಿ ಶುರು ಮಾಡಿದ್ದ ವಿಜಯಾ ಬ್ಯಾಂಕ್, 2019ರ ಏಪ್ರಿಲ್ 1ರಂದು ಬರೋಡಾದಲ್ಲಿ ವಿಲೀನವಾಯಿತು. ಎದುರಾಳಿಯೇ ಯಜಮಾನ. ಇಂಥದ್ದು ಎನ್‌ಬಿಎಯಲ್ಲೂ ಆಗಿಲ್ಲ!

ನಮ್ಮ ಲೇಔಟಿನಲ್ಲಿ ವಿಜಯಾ ಬ್ಯಾಂಕಿನಿಂದ ರಿಟೈರ್ ಆದ ಅಂಕಲ್ ಒಬ್ಬರಿದ್ದಾರೆ. ಕ್ಯಾಶಿಯರ್ ಆಗಿದ್ದವರು, ಆಡಿದವರಲ್ಲ. ಡ್ಯೂಟಿ ಮುಗಿಸಿ ಕಂಠೀರವದ ಕಡೆ ಹೋಗಿ ಮ್ಯಾಚ್ ನೋಡ್ತಿದ್ದರಂತೆ. ಆ ಸಂಜೆ ವಾಕಿಂಗಿನಲ್ಲಿ ಸಿಕ್ಕಾಗ ಸಿಯಾಟಲ್ ಕಥೆ ಹೇಳಿದೆ. ಇದನ್ನ ನಾನು ಸುಮ್ಮನೆ ಕೇಳ್ತಿರಲಿಲ್ಲ. ಹಿಂದಿನ ವರ್ಷ ನಮ್ಮ ಕಂಪನಿಯನ್ನ ದೊಡ್ಡ ಕಂಪನಿಯೊಂದು ಕೊಂಡಿತ್ತು. ವೆಬ್‌ಸೈಟಿನ 'ನಮ್ಮ ಪಯಣ' ಪುಟ ತಿದ್ದುವ ಕೆಲಸ ನನಗೆ ಬಂತು. ಹಳೇ ಪ್ರಶಸ್ತಿಗಳು ಇರಲಿ, ಹಳೇ ಹೆಸರು ಬೇಡ, ಕೆಲಸ ಕಳಕೊಂಡ ಒಂಬತ್ತು ಜನರ ಫೋಟೋ ಬೇಡ ಅಂದರು. ಆ ಪ್ರಶಸ್ತಿ ತಂದವರೇ ಆ ಒಂಬತ್ತು ಜನ. ನಾನು ವಾದ ಮಾಡಲಿಲ್ಲ. ಹೋಮ್ ಲೋನ್ ಇತ್ತು ಅಂತ ಹೇಳಬಹುದು, ನಿಜ ಅಂದರೆ ಮಾಡಬೇಕು ಅಂತ ಹೊಳೆಯಲೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಅಳಿಸಿ ಊಟಕ್ಕೆ ಹೋದೆ.

"ಈಗ ಬರೋಡಾ ಟೀಮ್ ಆಡಿದ್ರೆ ಯಾರ ಕಡೆ ಅಂಕಲ್?" ಅಂತ ಕೇಳಿದೆ.

"ನಂಗೆ ಪೆನ್ಶನ್ ಬರೋದು ಅಲ್ಲಿಂದ್ಲೇ ಕಣಪ್ಪಾ" ಅಂತ ನಕ್ಕರು. ಸ್ವಲ್ಪ ದೂರ ಸುಮ್ಮನೆ ನಡೆದು, "ಆಡೋ ಹುಡುಗ್ರದ್ದೇನು ತಪ್ಪು? ಚಪ್ಪಾಳೆ ಹೊಡೀತೀನಿ. ಆದ್ರೆ ನಮ್ಮವ್ರು ಗೆದ್ದಿದ್ದನ್ನ ಅವರ ಬೋರ್ಡಲ್ಲಿ ಬರಕೊಂಡ್ರೆ, ಪಕ್ಕದಲ್ಲಿ ವಿಜಯಾ ಅಂತ ಬರೀಲಿ. ಅಷ್ಟೇ" ಅಂದರು.

ಆ ಒಂಬತ್ತು ಹೆಸರು ನೆನಪು ಮಾಡಿ ಬರೆಯೋಕೆ ರಾತ್ರಿ ಕೂತೆ. ಏಳು ಬಂತು. ಇನ್ನೆರಡಕ್ಕೆ ಹಳೇ ವಾಟ್ಸಾಪ್ ಗ್ರೂಪ್ ತೆರೆಯಬೇಕಾಯಿತು.