ಕೆರೆಯೋ, ಗುಡಿಯೋ?



ಧಮ್ಮಬಂಧುಗಳೇ, ಇವತ್ತಿನ ಚಿಂತನೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಬಗ್ಗೆ. ಬೆಳಗ್ಗೆ ಬೆಳಗ್ಗೆ ಇದೇನು ಮೇಷ್ಟ್ರೇ ಎನ್ನಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿದರೆ ಅದು ನಮ್ಮದೇ ಹಳೇ ಜಗಳ ಎಂದು ಗೊತ್ತಾಗುತ್ತದೆ.

ಅಲ್ಲಿನ ವಿಶ್ವವಿದ್ಯಾಲಯಗಳು ಆಟಕ್ಕಾಗಿ ಗುಂಪು ಕಟ್ಟಿಕೊಂಡಿವೆ. ಅಂಥ ಒಕ್ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಒಂದು ಕಾನ್ಫರೆನ್ಸಿನ ತಂಡಗಳು ಚಳಿಗಾಲವೆಲ್ಲ ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುತ್ತವೆ. ಮಾರ್ಚ್ ತಿಂಗಳಲ್ಲಿ ತಮ್ಮೊಳಗೇ ಒಂದು ಟೂರ್ನಿ ನಡೆಸಿ, ಗೆದ್ದ ತಂಡವನ್ನು 68 ತಂಡಗಳ ರಾಷ್ಟ್ರೀಯ ಟೂರ್ನಿಗೆ ನೇರವಾಗಿ ಕಳಿಸುತ್ತವೆ. ಹೊಸ ವಿಶ್ವವಿದ್ಯಾಲಯವೊಂದು ಸೇರಬೇಕಾದರೆ ಒಳಗಿರುವ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಮತ ಹಾಕಿ ಒಪ್ಪಬೇಕು. ಅಭಿಮಾನಿಗಳಿಗೆ ಮತವಿಲ್ಲ. ಆದರೆ ವಾದ ಮಾಡುವವರು ಅವರೇ. ಯಾರನ್ನು ಸೇರಿಸಿಕೊಳ್ಳಬೇಕು, ಯಾರು ನಮ್ಮ ಮಟ್ಟದವರು, ಯಾರು ಬಂದರೆ ನಮ್ಮ ಹೆಸರು ಕೆಡುತ್ತದೆ ಎಂದು ರಾತ್ರಿಯಿಡೀ ಚರ್ಚಿಸುತ್ತಾರೆ. ಈ ಮಾತುಗಳ ಧಾಟಿ ನಮಗೆ ಹೊಸದಲ್ಲ ಅಲ್ಲವೇ?

ನಾನು ಹೇಳಹೊರಟಿರುವುದು ಹ್ಯಾಂಪ್ಟನ್ ಎಂಬ ವಿಶ್ವವಿದ್ಯಾಲಯದ ಕಥೆ. ಅದು ವರ್ಜೀನಿಯಾ ರಾಜ್ಯದಲ್ಲಿದೆ. 1868ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ ಹುಟ್ಟಿದ್ದು. ಬೂಕರ್ ಟಿ. ವಾಷಿಂಗ್ಟನ್ ಓದಿದ್ದು ಅಲ್ಲೇ. ಅದರ ಆವರಣದಲ್ಲಿ ಒಂದು ದೊಡ್ಡ ಓಕ್ ಮರವಿದೆ. 1861ರಲ್ಲಿ ಮೇರಿ ಪೀಕ್ ಎಂಬ ಕಪ್ಪು ಶಿಕ್ಷಕಿ ಆ ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸಿದರು. ವರ್ಜೀನಿಯಾದಲ್ಲಿ ಕಪ್ಪು ಜನಕ್ಕೆ ಓದು ಕಲಿಸುವುದನ್ನು ಕಾನೂನೇ ತಡೆದಿದ್ದ ಕಾಲ ಅದು. ಸಾವಿತ್ರಿಬಾಯಿಯವರನ್ನು ನೆನೆಯುವ ನಾವು ಈ ತಾಯಿಯ ಹೆಸರನ್ನೂ ನೆನಪಿಟ್ಟುಕೊಳ್ಳೋಣ.

ಬಿಳಿಯರ ಕಾಲೇಜುಗಳು ಕಪ್ಪು ಕಾಲೇಜುಗಳ ಜೊತೆ ಆಡುತ್ತಿರಲಿಲ್ಲ. ಹಾಗಾಗಿ 1912ರಲ್ಲಿ ಕಪ್ಪು ಕಾಲೇಜುಗಳು ಹ್ಯಾಂಪ್ಟನ್‌ನಲ್ಲೇ ಸೇರಿ ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಆ ಕಾಲ ಹೇಗಿತ್ತು ಎನ್ನಲು ಒಂದು ಪ್ರಸಂಗ ಸಾಕು. ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ತರಬೇತುದಾರರು ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದ ನೈಸ್ಮಿತ್ ಅವರ ಬಳಿಯೇ ಕಾನ್ಸಾಸ್‌ನಲ್ಲಿ ಕಲಿತವರು. ಪಾಠ ಕೇಳಬಹುದಿತ್ತು, ಅಲ್ಲಿನ ತಂಡದಲ್ಲಿ ಆಡುವಂತಿರಲಿಲ್ಲ. ಏಕಲವ್ಯನಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. 1944ರ ಮಾರ್ಚ್ 12ರ ಭಾನುವಾರ, ಡರ್ಹಮ್ ಊರಿನಲ್ಲಿ ಅವರ ಕಪ್ಪು ಕಾಲೇಜಿನ ಹುಡುಗರು ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿ ಹುಡುಗರ ಜೊತೆ ಬಾಗಿಲು ಹಾಕಿಕೊಂಡು ಗುಟ್ಟಾಗಿ ಆಡಿದರು. 88–44ರಲ್ಲಿ ಗೆದ್ದರು. ಆಮೇಲೆ ಎರಡೂ ತಂಡದವರು ಬೆರೆತು ಇನ್ನೊಂದು ಆಟ ಆಡಿದರು. ಊರಿಗೆ ಗೊತ್ತಾಗಿದ್ದರೆ ಏನಾಗುತ್ತಿತ್ತು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮುಂದೆ ಹ್ಯಾಂಪ್ಟನ್ ಎಂಇಎಸಿ ಎಂಬ ಒಕ್ಕೂಟಕ್ಕೆ ಬಂತು. ಅದೂ ಕಪ್ಪು ವಿಶ್ವವಿದ್ಯಾಲಯಗಳದ್ದೇ, 1970ರಲ್ಲಿ ಹುಟ್ಟಿದ್ದು. ದುಡ್ಡಿನಲ್ಲಿ ಬಡ ಒಕ್ಕೂಟ, ಆಟದಲ್ಲಿ ಅಲ್ಲ. ರಾಷ್ಟ್ರೀಯ ಟೂರ್ನಿಯಲ್ಲಿ ಒಂದೊಂದು ವಿಭಾಗದ ಹದಿನೈದನೇ ಶ್ರೇಯಾಂಕದ ತಂಡ ಎರಡನೇ ಶ್ರೇಯಾಂಕದ ತಂಡವನ್ನು ಸೋಲಿಸುವುದು ತೀರಾ ಅಪರೂಪ. 2012ರವರೆಗೆ ಅದು ಆರೇ ಸಲ ನಡೆದಿತ್ತು. ಆ ಆರರಲ್ಲಿ ಮೂರು ಗೆಲುವು ಈ ಒಕ್ಕೂಟದ್ದು: 1997ರಲ್ಲಿ ಕಾಪಿನ್ ಸ್ಟೇಟ್, 2001ರಲ್ಲಿ ಹ್ಯಾಂಪ್ಟನ್, 2012ರಲ್ಲಿ ನಾರ್ಫೋಕ್ ಸ್ಟೇಟ್. ಹ್ಯಾಂಪ್ಟನ್ ಅಯೋವಾ ಸ್ಟೇಟ್ ತಂಡವನ್ನು ಸೋಲಿಸಿದ್ದು 58–57ರಲ್ಲಿ, ಒಂದೇ ಒಂದು ಅಂಕದಿಂದ.

2018ರಲ್ಲಿ ಹ್ಯಾಂಪ್ಟನ್ ಈ ಒಕ್ಕೂಟ ಬಿಟ್ಟು ಬಿಗ್ ಸೌತ್ ಎಂಬ, ಬಹುತೇಕ ಬಿಳಿಯರ ವಿಶ್ವವಿದ್ಯಾಲಯಗಳಿದ್ದ ಒಕ್ಕೂಟಕ್ಕೆ ಹೋಯಿತು. 2022ರಲ್ಲಿ ಅಲ್ಲಿಂದ ಇನ್ನೂ ದೊಡ್ಡದಾದ ಸಿಎಎಗೆ. ನಾರ್ತ್ ಕೆರೋಲಿನಾ ಎ ಅಂಡ್ ಟಿ ಕೂಡ ಇದೇ ದಾರಿ ಹಿಡಿಯಿತು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನ ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಹೋಗಿ ಕೂತ ನಾಲ್ವರು ವಿದ್ಯಾರ್ಥಿಗಳು ಈ ಎ ಅಂಡ್ ಟಿಯವರು. ಆ ಅಂಗಡಿ ಕಪ್ಪು ಜನರಿಗೆ ಸಾಮಾನು ಮಾರುತ್ತಿತ್ತು, ಕೌಂಟರಿನಲ್ಲಿ ಕೂರಿಸಿ ಕಾಫಿ ಕೊಡುತ್ತಿರಲಿಲ್ಲ. ನಮ್ಮ ಹೋಟೆಲುಗಳ ಬೇರೆ ಲೋಟದ ಕಥೆಯೇ.

ಸರಿ, ಜಗಳ ಶುರುವಾಯಿತು. ಹಳೇ ಒಕ್ಕೂಟದ ಅಭಿಮಾನಿಗಳು ಇದು ಮನೆಗೆ ಬಗೆದ ದ್ರೋಹ ಎಂದರು. ಹೊರಟವರ ಕಡೆಯವರು ಇದು ಪ್ರಗತಿ ಎಂದರು. ಪ್ರಯಾಣ, ಖರ್ಚು, ಹೆಚ್ಚು ಜನ ನೋಡುವ ಅವಕಾಶ ಎಂದು ಕಾರಣ ಕೊಟ್ಟರು. ಸೇರಿಸಿಕೊಳ್ಳುವ ಒಕ್ಕೂಟದ ಅಭಿಮಾನಿಗಳಲ್ಲಿ ಕೆಲವರು ಸ್ವಾಗತಿಸಿದರು, ಕೆಲವರು ರ‍್ಯಾಂಕಿಂಗ್ ಪಟ್ಟಿ ಹಿಡಿದುಕೊಂಡು ಬಂದರು. ಇವರು ಬಂದರೆ ನಮ್ಮ ಸರಾಸರಿ ಇಳಿಯುತ್ತದೆ ಎಂಬುದು ಅವರ ವಾದ.

ಮೊದಲು ಈ ಸರಾಸರಿಯ ಮಾತನ್ನು ಮುಗಿಸಿಬಿಡುತ್ತೇನೆ. ಲೆಕ್ಕ ಸುಳ್ಳಲ್ಲ, ಕೆಳಗಿನ ರ‍್ಯಾಂಕಿನ ತಂಡ ಬಂದರೆ ಸರಾಸರಿ ಇಳಿಯುತ್ತದೆ. ಆದರೆ ಆ ರ‍್ಯಾಂಕ್ ಹೇಗೆ ಬಂತು? ಅಲ್ಲಿ ಗ್ಯಾರಂಟಿ ಗೇಮ್ ಎಂಬ ಪದ್ಧತಿ ಇದೆ (ನಮ್ಮ ಸರ್ಕಾರದ ಗ್ಯಾರಂಟಿಗೂ ಅದಕ್ಕೂ ಸಂಬಂಧವಿಲ್ಲ). ಶ್ರೀಮಂತ ವಿಶ್ವವಿದ್ಯಾಲಯ ಬಡ ವಿಶ್ವವಿದ್ಯಾಲಯಕ್ಕೆ ಚೆಕ್ ಕೊಟ್ಟು ತನ್ನ ಅಂಗಳಕ್ಕೆ ಕರೆಸಿಕೊಂಡು ಆಡುತ್ತದೆ. ಸೋಲಿಸಲಿಕ್ಕೆಂದೇ ಕರೆಸುವುದು. ಕಪ್ಪು ವಿಶ್ವವಿದ್ಯಾಲಯಗಳ ಅನೇಕ ತಂಡಗಳು ನವೆಂಬರ್, ಡಿಸೆಂಬರ್ ತಿಂಗಳುಗಳನ್ನು ಹೀಗೆ ಊರೂರು ತಿರುಗಿ, ಪರರ ಅಂಗಳದಲ್ಲಿ ಸೋತು ಕಳೆಯುತ್ತವೆ. ಆ ಚೆಕ್ಕಿಲ್ಲದೆ ಅವುಗಳ ಕ್ರೀಡಾ ವಿಭಾಗ ನಡೆಯುವುದು ಕಷ್ಟ. ಆಮೇಲೆ ಅದೇ ಸೋಲುಗಳನ್ನು ಕೂಡಿಸಿ ನಿಮ್ಮ ರ‍್ಯಾಂಕ್ ನೋಡಿ ಎನ್ನುತ್ತಾರೆ. ಮೀಸಲಾತಿ ವಿಷಯದಲ್ಲಿ ನಮಗೆ ಮೆರಿಟ್ ಪಾಠ ಹೇಳುವವರೂ ಅಂಕಪಟ್ಟಿಯನ್ನಷ್ಟೇ ತೋರಿಸುತ್ತಾರೆ. ಆ ಅಂಕ ಬಂದ ಮನೆಯಲ್ಲಿ ಓದಲು ದೀಪವಿತ್ತೇ ಎಂದು ಕೇಳುವುದಿಲ್ಲ.

ದ್ರೋಹವೋ ಪ್ರಗತಿಯೋ ಎಂಬ ಮಾತು ಇಷ್ಟು ಸುಲಭದ್ದಲ್ಲ. ನಾನು ಇದನ್ನು ಬಾಬಾಸಾಹೇಬರ ಎರಡು ಹೋರಾಟಗಳನ್ನು ಪಕ್ಕಪಕ್ಕ ಇಟ್ಟು ಯೋಚಿಸುತ್ತೇನೆ. ಅಮೆರಿಕದ ಕಪ್ಪು ಜನರ ಪಾಡಿಗೂ ನಮ್ಮ ಪಾಡಿಗೂ ನಂಟಿದೆ ಎಂದು ತಿಳಿದೇ ಅವರು 1946ರಲ್ಲಿ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಹಾಗಾಗಿ ಈ ಹೋಲಿಕೆ ಬಲವಂತದ್ದಲ್ಲ ಎಂದುಕೊಂಡಿದ್ದೇನೆ.

1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಚವದಾರ್ ಕೆರೆಯ ನೀರು ಮುಟ್ಟಿದರು. 1930ರಲ್ಲಿ ನಾಸಿಕ್‌ನ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಶುರುಮಾಡಿದರು. ಕೆರೆ ಊರಿನ ಸೊತ್ತು. ಪುರಸಭೆ ಎಲ್ಲರಿಗೂ ತೆರೆದಿದ್ದೇವೆ ಎಂದು ಹೇಳಿಯೂ ಬಿಡದ ಕೆರೆ. ಅದರ ಮೇಲಿನ ಹಕ್ಕನ್ನು ಬಾಬಾಸಾಹೇಬರು ಕೊನೆವರೆಗೂ ಬಿಡಲಿಲ್ಲ, ಕೋರ್ಟಿನಲ್ಲೂ ಹೋರಾಡಿದರು. ಗುಡಿಯ ವಿಷಯದಲ್ಲಿ ಹಾಗಾಗಲಿಲ್ಲ. ವರ್ಷಗಟ್ಟಲೆ ನಡೆದ ಸತ್ಯಾಗ್ರಹವನ್ನು ನಿಲ್ಲಿಸಿ, 1935ರಲ್ಲಿ ಯೇವಲಾದಲ್ಲಿ ಆ ಧರ್ಮವನ್ನೇ ಬಿಡುವ ಮಾತಾಡಿದರು. ಎರಡೂ ಕಡೆ ಬಾಗಿಲು ಮುಚ್ಚಿದ್ದು ಅದೇ ಜನ. ಆದರೆ ಒಂದರೊಳಗೆ ಇದ್ದದ್ದು ನಮ್ಮ ಪಾಲಿನ ನೀರು, ಇನ್ನೊಂದರೊಳಗೆ ಇದ್ದದ್ದು ಅವರ ಮೆಚ್ಚುಗೆ.

ಹ್ಯಾಂಪ್ಟನ್ ಹೋದದ್ದು ಕೆರೆಗೋ, ಗುಡಿಗೋ?

ಬಿಗ್ ಸೌತ್ ಬಹಳಮಟ್ಟಿಗೆ ಕೆರೆ ಎನಿಸುತ್ತದೆ. ಹಳೇ ಒಕ್ಕೂಟ ಡೆಲವೇರ್‌ನಿಂದ ಫ್ಲೋರಿಡಾದವರೆಗೆ ಹರಡಿತ್ತು. ಹುಡುಗರು ಪಾಠ ಬಿಟ್ಟು ಸಾವಿರ ಕಿಲೋಮೀಟರಿಗೂ ಹೆಚ್ಚು ಹೋಗಿ ಆಡಿ ಬರಬೇಕಿತ್ತು. ಅದು ತಪ್ಪಿದರೆ ಲಾಭ ಮಕ್ಕಳಿಗೇ. ಸಿಎಎ ವಿಷಯಕ್ಕೆ ಬಂದಾಗ ಈ ವಾದ ನಿಲ್ಲುವುದಿಲ್ಲ, ಅದು ಬೋಸ್ಟನ್‌ನಿಂದ ಚಾರ್ಲ್ಸ್‌ಟನ್‌ವರೆಗೆ ಚಾಚಿಕೊಂಡಿದೆ. ಹಳೇ ಒಕ್ಕೂಟದ ಮಾರ್ಚ್ ಟೂರ್ನಿ 2013ರಿಂದ ನಡೆಯುತ್ತಿರುವುದು ನಾರ್ಫೋಕ್‌ನಲ್ಲಿ, ಹ್ಯಾಂಪ್ಟನ್‌ನಿಂದ ಕೊಲ್ಲಿ ದಾಟಿದರೆ ಸಿಗುವ ಊರು. ಹಾಗಾದರೆ ಇಲ್ಲಿ ದೂರವಲ್ಲದ ಬೇರೇನೋ ಇದೆ. ಹೆಚ್ಚು ಟಿವಿ, ಹೆಚ್ಚು ಹಣ ಇರಬಹುದು, ಅದೂ ಕೆರೆಯ ನೀರೇ. ಆದರೆ ಇಂಥವರ ಪಕ್ಕದಲ್ಲಿ ಈಗ ನಮ್ಮ ಹೆಸರಿದೆ ಎಂಬ ಹಿಗ್ಗೂ ಅದರಲ್ಲಿ ಬೆರೆತಿದ್ದರೆ, ಅಷ್ಟರಮಟ್ಟಿಗೆ ಅದು ಗುಡಿ.

ಆ ಪಕ್ಕದಲ್ಲಿರುವವರಲ್ಲಿ ಒಬ್ಬರು ವಿಲಿಯಂ ಅಂಡ್ ಮೇರಿ. ಹ್ಯಾಂಪ್ಟನ್‌ನಿಂದ ಸುಮಾರು 50 ಕಿಲೋಮೀಟರ್. 1693ರಲ್ಲಿ ಇಂಗ್ಲೆಂಡಿನ ರಾಜ ರಾಣಿಯರ ಸನ್ನದಿನಿಂದ ಹುಟ್ಟಿದ ಕಾಲೇಜು. ಗುಲಾಮರನ್ನು ಕಾಲೇಜೇ ಇಟ್ಟುಕೊಂಡಿತ್ತು. 2009ರಲ್ಲಿ ಆ ಚರಿತ್ರೆಯನ್ನು ತಾನೇ ಬಗೆದು ನೋಡಲು ಶುರುಮಾಡಿತು, ಕಾಲೇಜಿನ ಒಡೆತನದಲ್ಲಿದ್ದ ಲೆಮನ್ ಎಂಬ ಗುಲಾಮನ ಹೆಸರನ್ನೇ ಆ ಕೆಲಸಕ್ಕೆ ಇಟ್ಟಿತು. ಅದನ್ನು ಮೆಚ್ಚೋಣ. ಅಲ್ಲಿನ ಹಾಸ್ಟೆಲ್ಲಿನಲ್ಲಿ ಉಳಿದು ಓದುವ ಮೊದಲ ಕಪ್ಪು ವಿದ್ಯಾರ್ಥಿಗಳು, ಮೂವರು ಹೆಣ್ಣುಮಕ್ಕಳು, ಕಾಲಿಟ್ಟದ್ದು 1967ರಲ್ಲಿ. ಹಾಸ್ಟೆಲ್ ಎಂದರೆ ಏನು ಎಂದು ನಮ್ಮಷ್ಟು ಬಲ್ಲವರು ಯಾರಿದ್ದಾರೆ? ಅಂಥವರ ಜೊತೆ ಹ್ಯಾಂಪ್ಟನ್ ಈಗ ಸಮಸಮ ಆಡುತ್ತದೆ. ಇದನ್ನು ಬರೇ ಗುಡಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಸೇರುವುದರ ಬಗ್ಗೆ ನಮ್ಮ ಸಂಘದ ರೀತಿಯನ್ನೂ ನೋಡಬೇಕು. ಶಾಕ್ಯ ರಾಜಕುಮಾರರು ಅನುರುದ್ಧ, ಆನಂದ ಮೊದಲಾದವರು ಪ್ರವ್ರಜ್ಯೆಗೆ ಬಂದಾಗ ಅವರ ಜೊತೆ ಕ್ಷೌರಿಕ ಉಪಾಲಿಯೂ ಬಂದ. ಸಂಘದಲ್ಲಿ ಮೊದಲು ದೀಕ್ಷೆ ಪಡೆದವರು ಹಿರಿಯರು, ಆಮೇಲೆ ಬಂದವರು ಅವರಿಗೆ ವಂದಿಸಬೇಕು. ರಾಜಕುಮಾರರೇ ಕೇಳಿಕೊಂಡರು: ಉಪಾಲಿಗೆ ಮೊದಲು ದೀಕ್ಷೆ ಕೊಡಿ, ಅವನಿಗೆ ನಾವು ಕೈಮುಗಿಯುವಂತಾಗಲಿ, ನಮ್ಮ ಶಾಕ್ಯರ ಸೊಕ್ಕು ಇಳಿಯಲಿ ಎಂದು. ಬುದ್ಧ ಹಾಗೆಯೇ ಮಾಡಿದರು. ಉಪಾಲಿಯನ್ನು ಅಯ್ಯೋ ಪಾಪ ಎಂದು ಕೊನೆಯ ಸಾಲಿನಲ್ಲಿ ಸೇರಿಸಿಕೊಳ್ಳಲಿಲ್ಲ.

ಸಂಘದಲ್ಲೂ ಒಪ್ಪಿಗೆ ಕೇಳುತ್ತಾರೆ. ಉಪಸಂಪದೆಯಲ್ಲಿ ಮೂರು ಸಲ ಸಭೆಯನ್ನು ಕೇಳಬೇಕು, ಒಪ್ಪದವರು ಮಾತಾಡಬೇಕು, ಒಪ್ಪಿದವರು ಸುಮ್ಮನಿರಬೇಕು. ಬಂದವನಿಗೂ ಪ್ರಶ್ನೆಗಳಿವೆ: ರೋಗವಿದೆಯೇ, ಸಾಲವಿದೆಯೇ, ರಾಜನ ಸೇವೆಯಲ್ಲಿದ್ದೀಯಾ, ತಂದೆತಾಯಿ ಒಪ್ಪಿದ್ದಾರೆಯೇ, ಇಪ್ಪತ್ತು ತುಂಬಿದೆಯೇ. ನಿನ್ನ ಕುಲ ಯಾವುದು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ. ನೀನು ಸ್ವತಂತ್ರನೇ ಎಂಬ ಪ್ರಶ್ನೆ ಮಾತ್ರ ಇದೆ, ಅಂದರೆ ದಾಸನಾಗಿದ್ದವನಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಅಂದಿನ ರಾಜ್ಯ, ಅಂದಿನ ಒಡೆಯರು ಎಂದು ಸಮಾಧಾನ ಹೇಳಬಹುದು. ನನಗೆ ಅದು ಪೂರ್ತಿ ಸಮಾಧಾನ ಕೊಟ್ಟಿಲ್ಲ. ಪ್ರಶ್ನಿಸುವುದನ್ನು ಕಲಿಸಿದ ಧಮ್ಮದಲ್ಲಿ ಇದನ್ನು ಮುಚ್ಚಿಡುವ ಅಗತ್ಯವೂ ಇಲ್ಲ.

ಇನ್ನು ಉಳಿದವರ ವಿಷಯ. ನನ್ನನ್ನು ಹೆಚ್ಚು ಕಾಡುವುದು ಅದೇ. ಹ್ಯಾಂಪ್ಟನ್ ಹೊರಡುವ ಮುನ್ನ ಆ ಒಕ್ಕೂಟದಲ್ಲಿ 13 ಸದಸ್ಯರಿದ್ದರು. ಒಬ್ಬೊಬ್ಬರಾಗಿ ಐವರು ಹೋಗಿ 2021ರ ಹೊತ್ತಿಗೆ 8 ಉಳಿದರು. ಎಲ್ಲರೂ ಬಿಳಿಯರ ಕಡೆಗೆ ಹೋಗಲಿಲ್ಲ. ಫ್ಲೋರಿಡಾದ ಎರಡು ವಿಶ್ವವಿದ್ಯಾಲಯಗಳು ಇನ್ನೊಂದು ಕಪ್ಪು ಒಕ್ಕೂಟಕ್ಕೇ ಹೋದವು. ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ ಉಳಿಯಬೇಕಾದರೆ ಒಕ್ಕೂಟದಲ್ಲಿ ಕನಿಷ್ಠ ಆರು ಸದಸ್ಯರಿರಬೇಕು. ಇನ್ನೂ ಮೂವರು ಹೊರಟರೆ, ಸ್ವಲ್ಪ ಕಾಲಾವಕಾಶದ ನಂತರ, ಉಳಿದ ಐವರ ಬಾಗಿಲು ಮುಚ್ಚುತ್ತದೆ. ಕಾಪಿನ್ ಸ್ಟೇಟ್, ನಾರ್ಫೋಕ್ ಸ್ಟೇಟ್‌ನಂಥ ತಂಡಗಳಿಗೆ ದೊಡ್ಡವರನ್ನು ಸೋಲಿಸುವ ಅವಕಾಶ ಸಿಕ್ಕಿದ್ದೇ ಆ ಬಾಗಿಲಿನಿಂದ.

ಹಾಗಾಗಿ ದ್ರೋಹ ಎಂದು ಕೂಗಿದ ಅಭಿಮಾನಿಯ ಸಿಟ್ಟನ್ನು ನಾನು ಬರೀ ಹೊಟ್ಟೆಕಿಚ್ಚು ಎನ್ನಲಾರೆ. ನಮ್ಮ ಕೇರಿಗಳಲ್ಲಿ ಇದನ್ನು ಕಂಡಿದ್ದೇವೆ. ನೌಕರಿ ಸಿಕ್ಕವರು ಬಡಾವಣೆಯಲ್ಲಿ ಮನೆ ಮಾಡುತ್ತಾರೆ. ಮಾಡಲಿ, ಅದು ಅವರ ಪಾಲಿನ ನೀರು. ಆದರೆ ಅವರು ಸಂಜೆ ಪಾಠ ಹೇಳಿಕೊಡುತ್ತಿದ್ದ ಅಂಬೇಡ್ಕರ್ ಸಂಘದ ಕೊಠಡಿಗೆ ಬೀಗ ಬೀಳುತ್ತದೆ. 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರ ಬಗ್ಗೆ ನೊಂದು ಮಾತಾಡಿದರಲ್ಲ, ಅವರ ನೋವು ಮನೆ ಬದಲಿಸಿದ್ದಕ್ಕಲ್ಲ, ಬೀಗದ್ದು. ಹೊರಟವನನ್ನು ನಾನು ತಡೆಯಲಾರೆ. ಕೀಲಿ ಯಾರ ಕೈಗೆ ಕೊಟ್ಟು ಹೊರಟೆ ಎಂದು ಮಾತ್ರ ಕೇಳುತ್ತೇನೆ. ಹ್ಯಾಂಪ್ಟನ್‌ಗೂ ನನ್ನ ಪ್ರಶ್ನೆ ಅದೇ. ಹಳೇ ಜೊತೆಗಾರರನ್ನು ತನ್ನ ಅಂಗಳಕ್ಕೆ ಕರೆದು ಆಡುತ್ತದೆಯೋ, ಅವರ ಅಂಗಳಕ್ಕೆ ಹೋಗಿ ಆಡುತ್ತದೆಯೋ, ಅಥವಾ ರ‍್ಯಾಂಕ್ ಇಳಿಯುತ್ತದೆ ಎಂದು ಅದೂ ಲೆಕ್ಕ ಹಾಕುತ್ತದೆಯೋ?

ಸಿಎಎಯಲ್ಲಿ ಮೊದಲ ಸಿ ಅಕ್ಷರ ಕಲೋನಿಯಲ್ ಎಂಬುದರದ್ದು, ಅಂದರೆ ವಸಾಹತು ಕಾಲದ್ದು. 2023ರಲ್ಲಿ ಅದನ್ನು ಕೋಸ್ಟಲ್ ಎಂದು ಬದಲಿಸಿದರು. ಒಕ್ಕೂಟ ಕರಾವಳಿಯ ಉದ್ದಕ್ಕೂ ಹರಡಿದೆ, ಅದಕ್ಕೇ ಈ ಹೆಸರು ಎಂದರು. ಇರಬಹುದು. ಅದೇ ವರ್ಷ ಕ್ಯಾಂಪ್‌ಬೆಲ್ ಎಂಬ ಇನ್ನೊಂದು ವಿಶ್ವವಿದ್ಯಾಲಯ ಅಲ್ಲಿಗೆ ಸೇರಿತು. ಅಭಿಮಾನಿಗಳು ಮತ್ತೆ ಮಟ್ಟ, ಸರಾಸರಿ, ರ‍್ಯಾಂಕ್ ಎಂದು ಚರ್ಚೆಗೆ ಕೂತರು. ಈ ಸಲ ಹ್ಯಾಂಪ್ಟನ್ ಬಾಗಿಲ ಒಳಗಡೆ ಇತ್ತು.

ಜೈ ಭೀಮ್.