ಒಲ್ಲದ ಜೀವಕ್ಕೆ ಮದ್ದು

ನಾಯಿಮರಿಗೆ ಹುಳುಕಡ್ಡಿಯಾದರೆ ಪಶುವೈದ್ಯರು ಮುಲಾಮು ಕೊಡುತ್ತಾರೆ. ಡಬ್ಬಿ ಕಂಡೊಡನೆ ಮರಿ ಮಂಚದಡಿ ಸೇರುತ್ತದೆ. ಎಳೆದು ತಂದು, ಅದುಮಿ ಹಿಡಿದು ಹಚ್ಚುವುದು ಸರಿಯೇ?

'ಅದಕ್ಕೆ ಬೇಡವಾದರೆ ಬಿಟ್ಟುಬಿಡೋಣ' ಎನ್ನುವುದು ಕರುಣೆಯಲ್ಲ. ಹುಳುಕಡ್ಡಿ ಶಿಲೀಂಧ್ರದಿಂದ ಬರುವ ರೋಗ. ಮರಿಯನ್ನು ಮುದ್ದಿಸುವ ಮಕ್ಕಳಿಗೂ ಹರಡುತ್ತದೆ. ಆದರೆ 'ಅದರ ಒಳಿತಿಗೇ ಅಲ್ಲವೇ' ಎಂಬ ಮಾತು ನಮ್ಮ ಒರಟುತನಕ್ಕೆ ಪರವಾನಗಿಯಾಗದು. ನಮ್ಮ ನಿಯ್ಯತ್ತನ್ನು ಅಲ್ಲಾಹನು ಬಲ್ಲ. ಮರಿ ಬಲ್ಲದ್ದು ನಮ್ಮ ಕೈಯನ್ನು ಮಾತ್ರ.

ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವುದು ಸಾಕುವವರ ಕರ್ತವ್ಯವೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೇಳುತ್ತದೆ. 'ಅನಗತ್ಯ' ಎಂಬ ಪದವನ್ನು ಗಮನಿಸಬೇಕು. ಮದ್ದಿನ ಉರಿ ಅನಿವಾರ್ಯವಿರಬಹುದು. ಗದರಿಕೆ, ಅವಸರ, ಏಟು ಅನಿವಾರ್ಯವಲ್ಲ. ಡಬ್ಬಿಯನ್ನು ಮೊದಲು ಮೂಸಲು ಬಿಡೋಣ. ಕೈಗವಸು ತೊಟ್ಟು ಊಟದ ಹೊತ್ತಿಗೆ ಸವರಿ, ನೆಕ್ಕದಂತೆ ತುಸು ಹೊತ್ತು ಆಡಿಸೋಣ. ನಾವು ಬಳಸುವ ಮುಲಾಮು ಬೇಡ. ಅವುಗಳಲ್ಲಿ ಕೆಲವು ನಾಯಿಗೆ ವಿಷ.

ನಾಯಿಯ ಜೊಲ್ಲಿನ ಬಗ್ಗೆ ಶುದ್ಧಿಯ ನಿಯಮಗಳಿವೆ, ನಿಜ. ಅವು ತೊಳೆದುಕೊಳ್ಳುವ ಕ್ರಮವನ್ನು ಕಲಿಸುತ್ತವೆ. ಜೀವದ ಹೊಣೆಯಿಂದ ನಮ್ಮನ್ನು ಬಿಡಿಸುವುದಿಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ)ಯವರು ತಿಳಿಸಿದ್ದು ಬುಖಾರಿಯಲ್ಲಿದೆ. ಆ ನಾಯಿಗೆ ನೀರು ಬೇಕಾಗಿತ್ತು. ಬೇಡವೆಂದು ಓಡುವ ಜೀವಕ್ಕೆ ಒಳಿತು ಮಾಡಲು ಇನ್ನೂ ಹೆಚ್ಚಿನ ತಾಳ್ಮೆ ಬೇಕು.

ಮದ್ದು ಬೇಕೋ ಬೇಡವೋ ಎಂಬುದನ್ನು ನಾವೇ ನಿರ್ಧರಿಸಬೇಕಾಗುತ್ತದೆ. ಎಷ್ಟು ಬಲ, ಎಷ್ಟು ಸಹನೆ ಎಂಬುದನ್ನು ಮಾತ್ರ ಆ ಮೂಕಜೀವದ ಅಂಜಿಕೆ ನೋಡಿಯೇ ನಿರ್ಧರಿಸಬೇಕು. ಮನೆಯ ಮಕ್ಕಳ ವಿಷಯದಲ್ಲೂ ಮಾತು ಇದೇ.